ತೂಕ ಹೆಚ್ಚಿಸೋಕೆ ತಿಂದದ್ದು ನಿದ್ದೆ ಕೆಡಿಸಿದರೆ ಲಾಭವೇನು?

"ಎಷ್ಟು ತಿಂದರೂ ಮೈಗೆ ಹತ್ತೋದಿಲ್ಲ" ಎನ್ನುವ ಮಾತು ತೆಳ್ಳಗಿರುವ ಯುವಕರ ಬಾಯಲ್ಲಿ ಸಾಮಾನ್ಯ. ಮದುವೆ ಮಾತುಕತೆ ಶುರುವಾದರೆ ಸಾಕು, "ಏನು ಇಷ್ಟು ಸಣ್ಣ ಆಗಿದ್ದೀಯಾ?" ಎಂದು ಕೇಳುವವರೇ ಎಲ್ಲ. ಹುಡುಗಿಯರಿಗಂತೂ ಈ ಮಾತು ಇನ್ನೂ ಹೆಚ್ಚು. ಆಮೇಲೆ ರಾತ್ರಿ ಎರಡು ತಟ್ಟೆ ಅನ್ನ, ಮಲಗುವ ಮುಂಚೆ ಹಾಲು, ಬಾಳೆಹಣ್ಣು, ಪ್ರೋಟೀನ್ ಪುಡಿ. ತಿಂಗಳು ಕಳೆಯುವಷ್ಟರಲ್ಲಿ ತೂಕ ಅರ್ಧ ಕೆಜಿಯೂ ಏರಿರುವುದಿಲ್ಲ, ಇದ್ದ ನಿದ್ದೆಯೂ ಹೋಗಿರುತ್ತೆ.

ತಮಿಳುನಾಡಿನ ಗಡಿಯಲ್ಲಿರುವ ಹೊಸೂರು, ಮತ್ತಿಗಿರಿ ಕಡೆ ಈ ಸಮಸ್ಯೆಗೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತೆ. ವಾಹನ, ವಾಚು, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ ಊರು ಅದು. ಕೆಲಸ ಪಾಳಿಯಲ್ಲಿ. ಬಾಡಿಗೆ ರೂಮಿನಲ್ಲಿ ನಾಲ್ಕೈದು ಹುಡುಗರು, ಒಬ್ಬ ಮಲಗುವಾಗ ಇನ್ನೊಬ್ಬ ಏಳುತ್ತಾನೆ. ಬೆಳಗಿನ ತಿಂಡಿ ತಪ್ಪುತ್ತೆ, ಮಧ್ಯಾಹ್ನ ಸಿಕ್ಕಿದ್ದಷ್ಟು. ದಿನದ ಊಟವನ್ನೆಲ್ಲ ರಾತ್ರಿ ಹನ್ನೊಂದಕ್ಕೆ ಒಟ್ಟಿಗೆ ತಿಂದು ಹಾಸಿಗೆಗೆ ಬೀಳೋದು.

ಮತ್ತಿಗಿರಿ ಎಂದರೆ ಅಲ್ಲಿಯವರಿಗೆ ಸರಕಾರಿ ದನದ ಫಾರಂ ನೆನಪಾಗುತ್ತೆ. 1824ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೇನೆಗೆ ಕುದುರೆ ಸಾಕಲು ಶುರುವಾದ ಜಾಗ ಅದು. ದನ ಸಾಕುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಮೇವು ಹಾಕಿದರಷ್ಟೇ ಸಾಲದು, ಮಲಗಿ ಮೆಲುಕು ಹಾಕಲೂ ಬಿಡಬೇಕು. ಮನುಷ್ಯ ಮೆಲುಕು ಹಾಕೋದಿಲ್ಲ ನಿಜ. ಆದರೆ ತಿಂದದ್ದು ಮೈಗೆ ಹತ್ತಲು ಅವನಿಗೂ ವಿಶ್ರಾಂತಿ ಬೇಕೇ ಬೇಕು.

ನಿದ್ದೆಗೂ ತೂಕಕ್ಕೂ ಏನು ಸಂಬಂಧ?

ನಮಗೆ ಬೇಕಾದ ತೂಕ ಸ್ನಾಯುವಿನದು, ಹೊಟ್ಟೆಯ ಕೊಬ್ಬಿನದಲ್ಲ. ಸ್ನಾಯು ರಿಪೇರಿಗೆ ನೆರವಾಗುವ ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗಿ ಸ್ರವಿಸೋದು ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ. ಶಿಕಾಗೋದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರೋಗ್ಯವಂತ ಯುವಕರಿಗೆ ಒಂದು ವಾರ ರಾತ್ರಿ 5 ಗಂಟೆ ಮಾತ್ರ ನಿದ್ದೆಗೆ ಅವಕಾಶ ಕೊಟ್ಟರು. ಅವರ ಹಗಲಿನ ಟೆಸ್ಟೋಸ್ಟಿರಾನ್ ಮಟ್ಟ ಶೇ. 10ರಿಂದ 15ರಷ್ಟು ಇಳಿಯಿತು. 2021ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಒಂದೇ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟದ್ದಕ್ಕೆ ಸ್ನಾಯು ಕಟ್ಟುವ ಕೆಲಸ ಶೇ. 18ರಷ್ಟು ಕುಂಠಿತವಾಯಿತು.

ಹಾಗಾದರೆ ತಿಂದದ್ದು ಎಲ್ಲಿಗೆ ಹೋಗುತ್ತೆ? 2022ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಸಂಶೋಧಕರು ಇದನ್ನು ನೋಡಿದರು. ಎರಡು ವಾರ ದಿನಕ್ಕೆ 4 ಗಂಟೆ ಮಾತ್ರ ನಿದ್ದೆಗೆ ಸಮಯ ಸಿಕ್ಕವರಲ್ಲಿ ಹೊಟ್ಟೆಯೊಳಗಿನ ಅಂಗಾಂಗಗಳ ಸುತ್ತಲಿನ ಕೊಬ್ಬು ಸುಮಾರು ಶೇ. 11ರಷ್ಟು ಹೆಚ್ಚಿತ್ತು. ಅಂದರೆ ಕೈಕಾಲು ಕಡ್ಡಿಯಾಗಿಯೇ ಉಳಿದು ಹೊಟ್ಟೆ ಮಾತ್ರ ಮುಂದೆ ಬರುವ ದಾರಿ ಇದು.

ರಾತ್ರಿಯ ಭಾರ ಹಗಲಿಗೆ ಹಂಚಿ

ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಜಠರದ ಆಮ್ಲ ಮೇಲಕ್ಕೆ ಬರುತ್ತೆ. ಎದೆಯುರಿ, ಹುಳಿತೇಗು, ನಡುರಾತ್ರಿ ಎಚ್ಚರ. ಮಲಗುವ ಹೊತ್ತಿಗೆ ಎರಡು ಲೋಟ ಹಾಲು ಕುಡಿದರೆ ಮೂತ್ರಕ್ಕೂ ಏಳಬೇಕು. ಹಾಗಾಗಿ ದೊಡ್ಡ ಊಟ ಮಲಗುವುದಕ್ಕೆ ಕನಿಷ್ಠ 2–3 ಗಂಟೆ ಮುಂಚೆಯೇ ಮುಗಿಯಲಿ. ಎದೆಯುರಿ ಇದ್ದರೆ ಎಡಮಗ್ಗುಲಲ್ಲಿ ಮಲಗಿ.

ತೂಕ ನಿಧಾನವಾಗಿ ಏರಿಸೋಕೆ ದಿನಕ್ಕೆ 300ರಿಂದ 500 ಕ್ಯಾಲರಿ ಹೆಚ್ಚು ಸಾಕು. ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಲೋಟ ಹಾಲು. ಇಷ್ಟಕ್ಕೇ ಹತ್ತಿರ ಹತ್ತಿರ 400 ಕ್ಯಾಲರಿ ಆಯಿತು. ಇದನ್ನು ಬೆಳಗ್ಗೆ ಹತ್ತಕ್ಕೆ ಮತ್ತು ಸಂಜೆ ಐದಕ್ಕೆ ಹಂಚಿ ತಿಂದರೆ ರಾತ್ರಿಗೆ ಭಾರವಿಲ್ಲ. ಮುದ್ದೆ, ಮೊಟ್ಟೆ, ಮೀನು, ಬೇಳೆ ಯಾವುದಾದರೂ ಸರಿ, ಬೆಳಗಿನ ಮತ್ತು ಮಧ್ಯಾಹ್ನದ ಊಟ ಗಟ್ಟಿಯಾಗಿರಲಿ.

ಜಿಮ್‌ಗೆ ಹೋಗುವವರು ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪುಡಿಯ ಡಬ್ಬಿ ತಿರುಗಿಸಿ ನೋಡಿ. ಅನೇಕ ಪುಡಿಗಳಲ್ಲಿ ಎರಡು ಮೂರು ಕಪ್ ಕಾಫಿಯಷ್ಟು ಕೆಫೀನ್ ಇರುತ್ತೆ. ಕುಡಿದು ಐದಾರು ಗಂಟೆಯಾದರೂ ಅದರ ಅರ್ಧದಷ್ಟು ರಕ್ತದಲ್ಲೇ ಉಳಿದಿರುತ್ತೆ. ಸಂಜೆ ಏಳಕ್ಕೆ ಕುಡಿದು ಹನ್ನೊಂದಕ್ಕೆ ನಿದ್ದೆ ಬರಲ್ಲ ಅಂದರೆ ಹೇಗೆ?

ರಾತ್ರಿ ಪಾಳಿಯವರು ದೊಡ್ಡ ಊಟವನ್ನು ಕೆಲಸಕ್ಕೆ ಹೋಗುವ ಮುಂಚೆಯೇ ಮಾಡಿ, ನಡುರಾತ್ರಿ ಹಗುರವಾಗಿ ತಿನ್ನಿ. ಬೆಳಗ್ಗೆ ರೂಮಿಗೆ ಬಂದ ಮೇಲೆ ಹೊಟ್ಟೆ ಹಸಿಯದಷ್ಟು ಸ್ವಲ್ಪ ತಿಂದು, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಫೋನ್ ದೂರ ಇಟ್ಟು ಮಲಗಿ. ಏಳು ಗಂಟೆ ಒಟ್ಟಿಗೆ ಆಗದಿದ್ದರೆ ಮಧ್ಯಾಹ್ನ ಇನ್ನೊಂದು ಸಣ್ಣ ನಿದ್ದೆ ಸೇರಿಸಿಕೊಳ್ಳಿ.

ಮಾತ್ರೆಯ ಗೊಡವೆ ಬೇಡ

ದಪ್ಪ ಆಗುವ ಮಾತ್ರೆ ಎಂದು ಚೀಟಿಯಿಲ್ಲದೆ ಸಿಗುವುದರಲ್ಲಿ ಎಷ್ಟೋ ಸಲ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇರುತ್ತೆ. ವಾರದಲ್ಲಿ ಕೆನ್ನೆ ತುಂಬಿದಂತೆ ಕಾಣುತ್ತೆ, ಹಸಿವು ಹೆಚ್ಚುತ್ತೆ. ತುಂಬಿಕೊಂಡದ್ದು ನೀರು ಮತ್ತು ಕೊಬ್ಬು, ಸ್ನಾಯು ಕರಗುತ್ತಲೇ ಇರುತ್ತೆ. ಜೊತೆಗೆ ನಿದ್ದೆಗೇಡು, ಸಕ್ಕರೆ ಏರಿಕೆ, ಬಿಪಿ, ಮೂಳೆ ಸವೆತ. ಈಗಾಗಲೇ ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಅದೂ ಅಪಾಯ. ಮಾತ್ರೆಯ ಪಟ್ಟಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.

ಯಾವಾಗ ಪರೀಕ್ಷೆ ಮಾಡಿಸಬೇಕು?

170 ಸೆಂ.ಮೀ. ಎತ್ತರದವರು ಸುಮಾರು 53 ಕೆಜಿಗಿಂತ ಕಡಿಮೆ ಇದ್ದರೆ ವೈದ್ಯರ ಲೆಕ್ಕದಲ್ಲಿ ತೂಕ ಕಡಿಮೆ. ಅದಕ್ಕಿಂತ ಹೆಚ್ಚಿದ್ದು ಆರೋಗ್ಯವಾಗಿದ್ದರೆ, ನೆಂಟರ ಮಾತಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಆದರೆ ಚೆನ್ನಾಗಿ ತಿಂದೂ ತೂಕ ಇಳಿಯುತ್ತಾ ಹೋದರೆ ಸುಮ್ಮನಿರಬೇಡಿ. ನಿದ್ದೆ ಬರಲ್ಲ, ಎದೆ ಡವಡವ, ಕೈ ನಡುಕ, ಸೆಕೆ ತಡೆಯೋಕಾಗಲ್ಲ ಅನ್ನುವವರು ಥೈರಾಯ್ಡ್ ಪರೀಕ್ಷಿಸಿಕೊಳ್ಳಿ. ರಾತ್ರಿಯಿಡೀ ಮೂತ್ರ, ಬಾಯಾರಿಕೆ ಇದ್ದರೆ ಸಕ್ಕರೆ ನೋಡಿಸಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಔಷಧಿ ಎರಡೂ ಉಚಿತ. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿಯೂ ಇದೆ.

ರೂಮಿನಲ್ಲಿರುವ ಹುಡುಗನಿಗೆ ಮನೆಯವರು ಫೋನ್ ಮಾಡಿದಾಗ "ಊಟ ಆಯ್ತಾ?" ಎಂದು ಕೇಳೇ ಕೇಳುತ್ತೇವೆ. ಇನ್ನು ಮೇಲೆ "ನಿನ್ನೆ ಎಷ್ಟು ಗಂಟೆ ಮಲಗಿದೆ?" ಎಂದೂ ಕೇಳೋಣ.