ಕುಂಸಿಯ ಕೆಸರಿನಲ್ಲಿ ಒಂದು ಯೆಜ್ಡಿ

ಕನ್ನಡ ಪಾಠ ಹೇಳುವವನಿಗೂ ಮೋಟಾರು ಸೈಕಲ್ಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಮದುವೆಯಾದ ಹೊಸತರಲ್ಲಿ ನನ್ನ ಶ್ರೀಮತಿಯೂ ಇದನ್ನೇ ಕೇಳಿದ್ದಳು. ಬೆಳಗ್ಗೆ ತರಗತಿಯಲ್ಲಿ ಪಂಪನ ಕರ್ಣನಿಗಾಗಿ ಮರುಗಿ, ಸಂಜೆ ಮೊಣಕಾಲಿನವರೆಗೆ ರಾಡಿ ಮೆತ್ತಿಕೊಂಡು, ಮೈಯೆಲ್ಲ ಎಣ್ಣೆಹೊಗೆಯ ವಾಸನೆ ಹೊತ್ತು ಮನೆಗೆ ಬರುವ ಮನುಷ್ಯನನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದು ಆಕೆಗೆ ಇಂದಿಗೂ ಇತ್ಯರ್ಥವಾಗಿಲ್ಲ.

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಬಿ.ಎಚ್. ರಸ್ತೆಯಲ್ಲಿ ಆಯನೂರು ದಾಟಿದ ಮೇಲೆ ನಮ್ಮ ಕುಂಸಿ ಸಿಗುತ್ತದೆ. ಮ್ಯಾಂಗನೀಸ್ ಅದಿರಿನ ಗಣಿಗಳಿಂದಾಗಿ ಹಿಂದೆ ಹೆಸರು ಮಾಡಿದ ಊರು ಇದು. ಮಣ್ಣಿನಲ್ಲಿ ಏನಿದೆಯೆಂದು ನೋಡಲು ಜನ ದೂರದಿಂದ ಬಂದಿದ್ದಾರೆ. ಊರಿನವರಾದ ನಮಗೆ ಮಾತ್ರ ಮಣ್ಣೆಂದರೆ ಮೊದಲು ನೆನಪಿಗೆ ಬರುವುದು ಕೆಸರೇ. ಮುಖ್ಯ ರಸ್ತೆ ಬಿಟ್ಟು ತೋಟಗಳ ಕಡೆ ತಿರುಗಿದೆವೆಂದರೆ ಜಂಬಿಟ್ಟಿಗೆಯ ಕೆಂಪು ನೆಲ. ಮಳೆಗಾಲದಲ್ಲಿ ಅದು ಬೆಣ್ಣೆ ಸವರಿದಂತೆ ಜಾರುತ್ತದೆ. ಇಂಥ ದಾರಿಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ಮೇಷ್ಟರಿಕೆ ಮಾಡಿಕೊಂಡು ತಿರುಗುತ್ತಿದ್ದ ನನ್ನ ತಂದೆಯವರು 1984ರಲ್ಲಿ ಯೆಜ್ಡಿ ರೋಡ್‌ಕಿಂಗ್ ಒಂದನ್ನು ಕೊಂಡರು. ಅಂದಿನಿಂದ ಅದು ನಮ್ಮ ಮನೆಯ ಒಬ್ಬ ಹಿರಿಯ ಸದಸ್ಯ. ವಯಸ್ಸಿನಲ್ಲಿ ನನಗಿಂತ ದೊಡ್ಡದು, ಹಟದಲ್ಲಿಯೂ.

ಯೆಜ್ಡಿಯ ಕುಲಗೋತ್ರವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಜೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬುವರು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ಲಿನ ತಯಾರಿಕೆಯ ಹಕ್ಕನ್ನು ಪಡೆದರು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು. ಈ ಜಾವಾ ಕನ್ನಡನಾಡಿಗೆ ಬಂದದ್ದು ಇರಾನಿ ಮನೆತನದವರ ಸಾಹಸದಿಂದ. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿಯವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು; 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. 1973ರಿಂದ ಬಂಡಿಗಳು ಯೆಜ್ಡಿಯೆಂಬ ಹೆಸರು ಹೊತ್ತು ಹೊರಬಂದವು. 1978ರಲ್ಲಿ ರೋಡ್‌ಕಿಂಗ್ ಬಂತು. ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ನಾನು ಆಗಿನ್ನೂ ಪ್ರಾಥಮಿಕ ಶಾಲೆಯ ಹುಡುಗ. ಆ ಸುದ್ದಿ ಬಂದ ದಿನ ತಂದೆಯವರು ಊಟ ಮಾಡದೆ ಎದ್ದರೆಂಬುದು ಮಾತ್ರ ನೆನಪಿದೆ.

ಈ ಬಂಡಿಗೂ ಕೆಸರಿಗೂ ಹುಟ್ಟಿನಿಂದಲೇ ನಂಟಿದೆ. ಎರಡನೆಯ ಮಹಾಯುದ್ಧದ ತರುವಾಯ ಜಾವಾದೊಡನೆ ಒಂದುಗೂಡಿದ ಸೋದರ ಸಂಸ್ಥೆ ಸಿ.ಜೆಡ್. ಎಂಬುದು. ಗುಡ್ಡ, ಹೊಂಡ, ರಾಡಿಗಳ ಮೇಲೆ ಓಡಿಸುವ ಮೋಟೊಕ್ರಾಸ್ ಎಂಬ ಪಂದ್ಯದಲ್ಲಿ ಈ ಸಿ.ಜೆಡ್. ಬಂಡಿಗಳು ಜಗತ್ತನ್ನೇ ಬೆರಗುಗೊಳಿಸಿದವು. ಬೆಲ್ಜಿಯಮ್ಮಿನ ಜೋಯೆಲ್ ರೋಬೆರ್ 1964, 1968 ಮತ್ತು 1969ರಲ್ಲಿ 250 ಸಿ.ಸಿ. ವಿಭಾಗದ ವಿಶ್ವವಿಜೇತನಾದದ್ದು ಇದರ ಮೇಲೆ. ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 1966ರಲ್ಲಿ 500 ಸಿ.ಸಿ. ವಿಭಾಗವನ್ನು ಗೆದ್ದಾಗ, ಅಲ್ಲಿಯವರೆಗೆ ನಾಲ್ಕು ಸ್ಟ್ರೋಕಿನ ಭಾರಿ ಬಂಡಿಗಳದೇ ಆಗಿದ್ದ ರಾಜ್ಯಕ್ಕೆ ಎರಡು ಸ್ಟ್ರೋಕಿನ ಯಂತ್ರ ಮೊದಲ ಸಲ ಪಟ್ಟವೇರಿತು. ನಮ್ಮ ಕನ್ನಡ ಚಿತ್ರರಸಿಕರಿಗೂ ಈ ಹುಚ್ಚು ಹೊಸದೇನಲ್ಲ. 1976ರ ‘ನಾ ನಿನ್ನ ಮರೆಯಲಾರೆ’ ಚಿತ್ರದಲ್ಲಿ ರಾಜಕುಮಾರ್ ಅವರು ಮೋಟಾರು ಸೈಕಲ್ ಪಂದ್ಯಗಾರನಾಗಿ ಕಾಣಿಸಿಕೊಂಡ ಮೇಲೆ ನಾಡಿನ ಎಷ್ಟು ಮಂದಿ ತಾಯಂದಿರಿಗೆ ನಿದ್ದೆಗೆಟ್ಟಿತೋ ಬಲ್ಲವರಾರು!

ಎರಡು ಸ್ಟ್ರೋಕು, ನಾಲ್ಕು ಸ್ಟ್ರೋಕು ಎಂದರೇನು? ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ನು ಎರಡು ಸಲ ಮೇಲೆದ್ದು ಎರಡು ಸಲ ಕೆಳಗಿಳಿದರೆ ಒಮ್ಮೆ ಬೆಂಕಿ ಹೊತ್ತುತ್ತದೆ. ಎರಡು ಸ್ಟ್ರೋಕಿನದರಲ್ಲಿ ಒಮ್ಮೆ ಎದ್ದು ಇಳಿದರೆ ಸಾಕು, ಬೆಂಕಿ ಹೊತ್ತಿತು. ಅದರಿಂದಲೇ ಅಷ್ಟು ಹಗುರವಾದ ಯಂತ್ರಕ್ಕೆ ಅಷ್ಟು ಬಲ. ಆ ಬಲವಾದರೂ ಹಂತಹಂತವಾಗಿ ಬರುವುದಿಲ್ಲ. ಒಂದು ವೇಗದವರೆಗೆ ಬಂಡಿ ಸಾಧುವಾಗಿ ಗೊಣಗುತ್ತಿರುತ್ತದೆ. ಅದನ್ನು ದಾಟಿದೊಡನೆ ಹಿಂದಿನಿಂದ ಯಾರೋ ಒದ್ದಂತೆ ಮುಂದಕ್ಕೆ ನುಗ್ಗುತ್ತದೆ. ನಮ್ಮ ರೋಡ್‌ಕಿಂಗಿನದು 250 ಸಿ.ಸಿ., 16 ಅಶ್ವಶಕ್ತಿ. ಇದೇ ಒಮ್ಮೊಮ್ಮೆ ಕೆಸರಿನಲ್ಲಿ ಹಿಂದಿನ ಚಕ್ರವನ್ನು ಬುಗುರಿಯಂತೆ ಆಡಿಸುತ್ತದೆ. ಹೀಗಿರುವಾಗ ಹೋಂಡಾದವರ ಸಿ.ಆರ್.500, ಕವಾಸಾಕಿಯವರ ಕೆ.ಎಕ್ಸ್.500ರಂತಹ, ನೂರು ಕಿಲೋ ಆಜುಬಾಜಿನ ತೂಕಕ್ಕೆ ಅರವತ್ತರ ಆಸುಪಾಸಿನ ಅಶ್ವಶಕ್ತಿ ತುಂಬಿದ ಏಕ ಸಿಲಿಂಡರಿನ ರಾಕ್ಷಸರನ್ನು ಮಣ್ಣಿನ ಮೇಲೆ ಹತ್ತಿ ಕೂತವರ ಎದೆಗಾರಿಕೆಯನ್ನು ನಾನು ದೂರದಿಂದಲೇ ನಮಸ್ಕರಿಸುತ್ತೇನೆ. ಹೋಂಡಾ 2001ರಲ್ಲಿ, ಕವಾಸಾಕಿ 2004ರಲ್ಲಿ ಅವುಗಳ ತಯಾರಿಕೆಯನ್ನು ನಿಲ್ಲಿಸಿದವು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಡಕಾರ್ ಪಂದ್ಯವನ್ನು ಪೂರೈಸಿದ್ದೂ ನಾಲ್ಕು ಸ್ಟ್ರೋಕಿನ ಬಂಡಿಯ ಮೇಲೆಯೇ.

ಎರಡು ಸ್ಟ್ರೋಕಿನ ಯಂತ್ರಕ್ಕೆ ಒಂದು ದೊಡ್ಡ ದೌರ್ಬಲ್ಯವುಂಟು. ಪೆಟ್ರೋಲು ಮತ್ತು ಗಾಳಿ ಸಿಲಿಂಡರನ್ನು ಸೇರುವ ಮೊದಲು ಎಂಜಿನ್ನಿನ ತಳಭಾಗವನ್ನೇ ಹಾದು ಹೋಗಬೇಕಾದುದರಿಂದ, ಅಲ್ಲಿ ಬೇರೆ ವಾಹನಗಳಂತೆ ಎಣ್ಣೆಯನ್ನು ತುಂಬಿಸಿಡುವಂತಿಲ್ಲ. ಪೆಟ್ರೋಲಿನೊಡನೆಯೇ ಎಣ್ಣೆ ಬೆರೆಸಬೇಕು. ನಮ್ಮ ಮನೆಯ ಅಳತೆ ಲೀಟರಿಗೆ 40 ಮಿಲಿಲೀಟರು. ನೀಲಿ ಹೊಗೆಯೂ ಇದರಿಂದಲೇ, ಪರಿಸರದ ಕಾನೂನುಗಳು ಇಂಥ ಬಂಡಿಗಳನ್ನು ಮಾರುಕಟ್ಟೆಯಿಂದ ಓಡಿಸಿದ್ದೂ ಇದರಿಂದಲೇ. ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿದರೆ ಪೆಟ್ರೋಲಿನೊಂದಿಗೆ ಎಣ್ಣೆಯೂ ನಿಂತುಹೋಗುತ್ತದೆ; ಆದುದರಿಂದ ಆಗುಂಬೆ ಘಾಟಿ ಇಳಿಯುವಾಗ ನಡುನಡುವೆ ಒಂದಿಷ್ಟು ತಿರುಗಿಸಿ ಯಂತ್ರಕ್ಕೆ ಗುಟುಕು ಕೊಡಬೇಕೆಂದು ತಂದೆಯವರು ಮೊದಲ ಪಾಠದಲ್ಲಿಯೇ ಹೇಳಿಕೊಟ್ಟಿದ್ದರು.

ಪಾಠ ಹೇಳಿಸಿಕೊಂಡವನು ಪರೀಕ್ಷೆಯಲ್ಲಿ ಮರೆಯುವುದು ಲೋಕರೂಢಿ. ನನ್ನ ವೃತ್ತಿಯಲ್ಲಿ ದಿನವೂ ಅದನ್ನು ನೋಡುತ್ತೇನೆ. ಮೂರು ವರ್ಷದ ಹಿಂದೆ, ಸೆಪ್ಟೆಂಬರ್ ತಿಂಗಳ ಒಂದು ಶನಿವಾರ, ಶಿವಮೊಗ್ಗದಿಂದ ಬರುವಾಗ ದಾರಿಯಲ್ಲಿ ಐದು ಲೀಟರು ಪೆಟ್ರೋಲು ಹಾಕಿಸಿದೆ. ಎಣ್ಣೆಯ ಡಬ್ಬಿ ಮನೆಯಲ್ಲಿಯೇ ಉಳಿದಿತ್ತು. ಮನೆಗೆ ಹೋಗಿ ಬೆರೆಸಿದರಾಯಿತು, ಟ್ಯಾಂಕಿನಲ್ಲಿ ಉಳಿದ ಹಳೆಯ ಮಿಶ್ರಣ ಅಲ್ಲಿಯವರೆಗೆ ಕಾಪಾಡುತ್ತದೆಂದು ನನ್ನ ಲೆಕ್ಕ. ಕುಂಸಿ ತಲುಪಿದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಕಾಡೆಲ್ಲ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಮನೆಯ ತಿರುವು ಹಿಂದೆ ಉಳಿಯಿತು. ಚೋರಡಿಯಲ್ಲಿ ಕುಮುದ್ವತಿಯ ಸೇತುವೆ ದಾಟಿ, ಬಂಧುಗಳ ತೋಟಕ್ಕೆ ಹೋಗುವ ಮಣ್ಣಿನ ದಾರಿಗೆ ಇಳಿದೇಬಿಟ್ಟೆ. (ದಕ್ಷಿಣದ ಕಾಡಿನ ಕಡೆ ನಾನು ಹೋಗುವುದಿಲ್ಲ. ಅಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯವಿದೆ. ಆನೆಗಳ ನೆಲದಲ್ಲಿ ಗದ್ದಲವೆಬ್ಬಿಸುವುದು ಕಾನೂನಿಗೆ ಮಾತ್ರವಲ್ಲ, ಮರ್ಯಾದೆಗೂ ವಿರುದ್ಧ.)

ಅಂದಿನ ಆ ಹತ್ತು ನಿಮಿಷಗಳ ಸುಖವನ್ನು ನಾನು ಅಲ್ಲಗಳೆಯಲಾರೆ. ಹಿಂದಿನ ಚಕ್ರಕ್ಕೆ ಮಣ್ಣನ್ನು ಕಚ್ಚಿ ಹಿಡಿಯುವ ಉಬ್ಬುಗಳುಳ್ಳ ಟೈರು ಹಾಕಿಸಿದ್ದೆ. ಎರಡೂ ಕಾಲಿನ ಮೇಲೆ ಎದ್ದು ನಿಂತು, ಬಂಡಿಯನ್ನು ಮಂಡಿಗಳ ನಡುವೆ ಸಡಿಲವಾಗಿ ಹಿಡಿದು, ಅದು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳಲು ಬಿಡಬೇಕು. ಹ್ಯಾಂಡಲನ್ನು ಬಿಗಿಹಿಡಿದವನು ಬೀಳುತ್ತಾನೆ. ದಿಬ್ಬದ ಏರನ್ನು ಎರಡನೆಯ ಗೇರಿನಲ್ಲಿ ಹತ್ತಿ, ಮೇಲಿನ ಸಮತಟ್ಟಿನಲ್ಲಿ ಮೂರನೆಯದಕ್ಕೆ ಬದಲಿಸಿದೆ. ಸದ್ದು ಒಮ್ಮೆಲೇ ಒಣಗಿದಂತಾಯಿತು. ಅದೇನೆಂದು ಯೋಚಿಸುವಷ್ಟರಲ್ಲಿ ಹಿಂದಿನ ಚಕ್ರ ಕಲ್ಲಿನಂತೆ ನಿಂತುಹೋಯಿತು. ಎಣ್ಣೆಯಿಲ್ಲದೆ ಕಾದು ಉಬ್ಬಿದ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ತಕ್ಷಣ ಕ್ಲಚ್ಚು ಹಿಡಿದಿದ್ದರೆ ಬಚಾವಾಗುತ್ತಿದ್ದೆನೋ ಏನೋ, ಹಿಡಿಯಲಿಲ್ಲ. ಬೇಲಿಯಾಚೆಯ ಕಾಲುವೆಯಲ್ಲಿ ಎಚ್ಚರವಾಗಿ ಕಣ್ಣು ಬಿಟ್ಟಾಗ ಎಡ ಭುಜದ ಕಾಲರ್ ಮೂಳೆ ಮುರಿದಿತ್ತು.

ಸುದ್ದಿ ತಿಳಿದು ತಂದೆಯವರು ಆಸ್ಪತ್ರೆಗೆ ಬಂದರು. ಹಾಸಿಗೆಯ ಪಕ್ಕ ನಿಂತು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ:

“ಎಣ್ಣೆ ಹಾಕಿದ್ಯೇನೋ?”

ನಾನು ಸುಮ್ಮನಿದ್ದೆ. ಅವರು ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತು ಅತ್ತರೆಂದು ಶ್ರೀಮತಿ ಆಮೇಲೆ ಹೇಳಿದಳು. ಯಾರಿಗಾಗಿ ಅತ್ತರೆಂದು ಆಕೆಯೂ ಕೇಳಲಿಲ್ಲ, ನಾನೂ ಕೇಳಿಲ್ಲ.

ಆರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಪಾಠ ಹೇಳಿದೆ. ಬಂಡಿ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಗಿರಾಕಿಗಳಿಗೆ ಕೊರತೆಯಿರಲಿಲ್ಲ, ಹಳೆಯ ಯೆಜ್ಡಿಗಳಿಗೆ ಬೆಂಗಳೂರಿನವರು ಈಗ ಕೇಳಿದಷ್ಟು ಕೊಡುತ್ತಾರೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಸಾಲುಸಾಲಾಗಿ ಮೆರವಣಿಗೆ ಹೊರಡುವ ಅಭಿಮಾನಿಗಳು ಅವರು. ಬಂದವರೊಬ್ಬರು ಹೇಳಿದ ಬೆಲೆ ಕೇಳಿ ನಾನೇ ಮೆತ್ತಗಾದೆ. ಹದಿನೈದು ವರ್ಷ ದಾಟಿದ ವಾಹನಕ್ಕೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವ ಅಲೆದಾಟವೂ ತಪ್ಪುತ್ತಿತ್ತು. ಶ್ರೀಮತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕೊಡಿ ಎಂದೇ ಹೇಳುತ್ತಾಳೆಂದು ನಾನು ತಿಳಿದಿದ್ದೆ.

“ಮಾವನವರು ಇರೋವರೆಗೂ ಅದು ಇಲ್ಲೇ ಇರಲಿ ರೀ” ಎಂದಳು.

ಶಿವಮೊಗ್ಗದ ಮುದುಕ ಮೆಕ್ಯಾನಿಕ್ಕೊಬ್ಬರು ಸಿಲಿಂಡರನ್ನು ಬೋರ್ ಮಾಡಿಸಿ, ಒಂದಳತೆ ದೊಡ್ಡದಾದ ಪಿಸ್ಟನ್ನನ್ನು ಕೂರಿಸಿಕೊಟ್ಟರು. ಯೆಜ್ಡಿಯಲ್ಲಿ ಗೇರಿನ ಕಡ್ಡಿಯೇ ಕಿಕ್ಕರು. ಒಳಕ್ಕೊತ್ತಿ ಮೇಲೆ ತಿರುಗಿಸಿದರೆ ಒದೆಯಲು ಸಿದ್ಧ. ಎಡಗಾಲಿನಿಂದ ಮೂರನೆಯ ಒದೆತಕ್ಕೆ ಎಂಜಿನ್ನು ಮಾತಾಡಿತು. ಈಗ ಟ್ಯಾಂಕಿನ ಮುಚ್ಚಳಕ್ಕೆ ಶ್ರೀಮತಿ ಕೆಂಪು ದಾರದಿಂದ ಎಣ್ಣೆಯ ಅಳತೆಯ ಲೋಟವನ್ನು ಕಟ್ಟಿದ್ದಾಳೆ; ಅದನ್ನು ಬಿಚ್ಚದೆ ಮುಚ್ಚಳ ತೆಗೆಯಲಾಗದು. ಪೆಟ್ರೋಲು ಬಂಕಿನ ಹುಡುಗರು ನಗುತ್ತಾರೆ, ನಗಲಿ.

ತಂದೆಯವರಿಗೆ ಎಪ್ಪತ್ತು ದಾಟಿದೆ; ಮಂಡಿನೋವಿನಿಂದ ಬಂಡಿ ಹತ್ತಲಾರರು. ಭಾನುವಾರ ನಾನು ತೋಟದ ದಾರಿಗೆ ಹೊರಟು ಅಂಗಳದಲ್ಲಿ ಅದನ್ನು ಎಬ್ಬಿಸಿದಾಗ ಜಗಲಿಯ ಮೇಲೆ ಪತ್ರಿಕೆ ಕೆಳಗಿಟ್ಟು, ಕಣ್ಣು ಮುಚ್ಚಿ ಕೇಳುತ್ತಾರೆ.

“ಎಣ್ಣೆ ಒಂದಿಷ್ಟು ಜಾಸ್ತಿಯಾಯ್ತು ಕಣೋ” ಎನ್ನುತ್ತಾರೆ.