ಬಡ್ಡಿಯ ಬಟನ್ ಎರಡು ಸಲ ಒತ್ತಿದರೆ?



ಗುಂಪಿನ ಲೆಕ್ಕವನ್ನು ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಇಡುವಾಗ ‘ಬಡ್ಡಿ ಹಾಕು’ ಎಂಬ ಒಂದು ಬಟನ್ ಮಾಡಿಕೊಳ್ಳಬಹುದು. ಅದನ್ನು ಒತ್ತಿದರೆ ಎಲ್ಲ ಸದಸ್ಯೆಯರ ಸಾಲಕ್ಕೂ ಆ ತಿಂಗಳ ಬಡ್ಡಿ ಒಮ್ಮೆಲೇ ಬೀಳುತ್ತದೆ. ಬಟನ್ನಿನ ಹಿಂದೆ ನಾವು ಬರೆದಿಡುವ ಆಜ್ಞೆಗಳಿಗೆ ಮ್ಯಾಕ್ರೋ ಎನ್ನುತ್ತಾರೆ.

ಕೆಲಸ ಹಗುರಾಯಿತು, ಖರೆ. ಆದರೆ ಅದೇ ತಿಂಗಳು ಇನ್ನೊಬ್ಬರು ಬಂದು ಮತ್ತೊಮ್ಮೆ ಒತ್ತಿದರೆ? 10,000 ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ 2ರಂತೆ 200 ರೂಪಾಯಿ ಬರಬೇಕಾದಲ್ಲಿ 400 ಬರುತ್ತದೆ. ಮ್ಯಾಕ್ರೋ ಮಾಡಿದ ಕೆಲಸ ‘ಅಂಡೂ’ ಒತ್ತಿದರೂ ಹಿಂದಕ್ಕೆ ಬರುವುದಿಲ್ಲ. ನಿಪ್ಪಾಣಿಯಲ್ಲಿ ಸಾವಿರದ ಲೆಕ್ಕದ ಮೇಲೆ ಬೀಡಿ ಕಟ್ಟುವ ಅಕ್ಕನಿಗೆ ಆ 200 ರೂಪಾಯಿ ಎಷ್ಟು ಹೊತ್ತಿನ ದುಡಿಮೆ, ನೀವೇ ಲೆಕ್ಕ ಹಾಕಿರಿ.

ಅದಕ್ಕೇ ಕೆಲಸ ಮುಗಿದ ಕೂಡಲೇ ಬಟನ್ ಮರೆಯಾಗಬೇಕು. ಹಾಳೆಯ ಒಂದು ಮನೆಯಲ್ಲಿ ‘ಈ ತಿಂಗಳು’, ಇನ್ನೊಂದರಲ್ಲಿ ‘ಬಡ್ಡಿ ಹಾಕಿದ ತಿಂಗಳು’ ಬರೆದಿಡೋಣ. ಎರಡೂ ಒಂದೇ ಆದರೆ ಬಟನ್ನಿನ ‘ವಿಸಿಬಲ್’ ಎಂಬ ಗುಣಕ್ಕೆ ‘ಫಾಲ್ಸ್’ ಎಂದು ಮ್ಯಾಕ್ರೋದಲ್ಲಿ ಬರೆಯಬೇಕು; ಬಟನ್ ಕಾಣಿಸುವುದಿಲ್ಲ. ಬೇರೆ ಬೇರೆ ಇದ್ದರೆ ‘ಟ್ರೂ’, ಮತ್ತೆ ಕಾಣಿಸುತ್ತದೆ. ಫೈಲ್ ತೆರೆದಾಗಲೂ, ತಿಂಗಳು ಬದಲಿಸಿದಾಗಲೂ ಈ ಪರೀಕ್ಷೆ ತಾನೇ ನಡೆಯುವಂತೆ ಮಾಡಿರಿ. ಒಂದು ಮಾತು: ಬಟನ್ನಿನ ಮೇಲೆ ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ, ಆದರೆ ಮ್ಯಾಕ್ರೋ ಬರೆಯುವ ಕಿಟಕಿಯಲ್ಲಿ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ಆದ್ದರಿಂದ ಬಟನ್ನಿಗೆ ಇಡುವ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ.

ಇಷ್ಟಕ್ಕೇ ಸಾಕೆನ್ನಬೇಡಿರಿ. ಬಟನ್ ಮುಚ್ಚಿಡುವುದು ಬಾಗಿಲಿಗೆ ಪರದೆ ಕಟ್ಟಿದ ಹಾಗೆ, ಕೀಲಿ ಹಾಕಿದ ಹಾಗಲ್ಲ. ‘ಆಲ್ಟ್’ ಮತ್ತು ‘ಎಫ್ 10’ ಕೂಡಿಸಿ ಒತ್ತಿದರೆ ಮುಚ್ಚಿಟ್ಟ ಬಟನ್ನುಗಳ ಹೆಸರೆಲ್ಲ ಬದಿಗೆ ಬರುತ್ತವೆ. ‘ಆಲ್ಟ್’ ಮತ್ತು ‘ಎಫ್ 8’ ಒತ್ತಿದರಂತೂ ಬಟನ್ ಇಲ್ಲದೆಯೇ ಮ್ಯಾಕ್ರೋ ಓಡಿಸಬಹುದು. ನಮ್ಮ ಮಟ್ಟಿಗೆ ನಿಜವಾದ ಕಾವಲು ಮ್ಯಾಕ್ರೋದ ಒಳಗಿರಬೇಕು: ಮೊದಲ ಸಾಲಿನಲ್ಲೇ ಎರಡು ತಿಂಗಳುಗಳನ್ನು ಹೋಲಿಸಿ, ಒಂದೇ ಇದ್ದರೆ ‘ಈ ತಿಂಗಳ ಬಡ್ಡಿ ಆಗಿದೆ’ ಎಂದು ಹೇಳಿ ಅಲ್ಲಿಗೇ ನಿಲ್ಲಬೇಕು. ಬಡ್ಡಿ ಹಾಕಿದ ಮೇಲೆ ಆ ತಿಂಗಳನ್ನು ಎರಡನೆಯ ಮನೆಯಲ್ಲಿ ಬರೆಯುವುದೂ ಮ್ಯಾಕ್ರೋದ್ದೇ ಕೆಲಸ, ನಮ್ಮ ಕೈಯದಲ್ಲ. ಸದಸ್ಯೆಯ ಪಾಸ್‌ಬುಕ್ಕಿನಲ್ಲಿ ಬರೆಯುವಾಗ ಅವಳ ಎದುರಿಗೇ ಬಡ್ಡಿಯ ಅಂಕಿ ಓದಿ ಹೇಳಿರಿ.

ಫೈಲನ್ನು ‘ಮ್ಯಾಕ್ರೋ ಸಹಿತ ವರ್ಕ್‌ಬುಕ್’ ಎಂದೇ ಉಳಿಸಬೇಕು, ಸಾದಾ ರೀತಿ ಉಳಿಸಿದರೆ ಮ್ಯಾಕ್ರೋ ಹೋಗಿಬಿಡುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಫೈಲುಗಳ ಮ್ಯಾಕ್ರೋವನ್ನು ಮೈಕ್ರೋಸಾಫ್ಟ್ 2022ರಿಂದ ತಾನೇ ತಡೆಯುತ್ತಿದೆ. ಕಳಿಸಿದವರು ಯಾರೆಂದು ಖಾತ್ರಿಯಿಲ್ಲದೆ ಆ ತಡೆ ತೆಗೆಯಬೇಡಿರಿ. ಮೊಬೈಲಿನ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಓಡುವುದೇ ಇಲ್ಲ; ಹೀಗಾಗಿ ರಾಯಬಾಗ, ಅಥಣಿ, ಕಾಗವಾಡ ಕಡೆಯ ಹಳ್ಳಿಗಳಲ್ಲಿ ಸಭೆಯ ಲೆಕ್ಕ ಬರೆದುಕೊಂಡು ಬಂದು, ತಿಂಗಳ ಬಡ್ಡಿಯನ್ನು ಕಂಪ್ಯೂಟರಿನಲ್ಲೇ ಹಾಕಿರಿ.