ಹತ್ತನೆಯ ವಯಸ್ಸಿನ ಕವಲುದಾರಿ: ಜರ್ಮನಿಯಲ್ಲಿ ಮಕ್ಕಳ ಶಾಲೆಯ ಆಯ್ಕೆ

ಕರ್ನಾಟಕದಲ್ಲಿ ಓದಿದ ನಮ್ಮಲ್ಲಿ ಹೆಚ್ಚಿನವರಿಗೆ ಶಿಕ್ಷಣದ ಮೊದಲ ಕವಲುದಾರಿ ಎದುರಾದದ್ದು ಎಸ್ಸೆಸ್ಸೆಲ್ಸಿಯ ನಂತರ. ವಿಜ್ಞಾನವೋ, ವಾಣಿಜ್ಯವೋ, ಕಲೆಯೋ ಎಂಬ ಪ್ರಶ್ನೆಗೆ ಉತ್ತರಿಸುವ ಹೊತ್ತಿಗೆ ನಮಗೆ 15-16 ವರ್ಷ ತುಂಬಿರುತ್ತಿತ್ತು. ಜರ್ಮನಿಯ ಹೆಚ್ಚಿನ ಭಾಗಗಳಲ್ಲಿ ಆ ಕವಲು ಹತ್ತನೆಯ ವಯಸ್ಸಿಗೇ ಬರುತ್ತದೆ. ಉದ್ಯೋಗನಿಮಿತ್ತ ಇಲ್ಲಿಗೆ ಬರುವ ಕನ್ನಡಿಗ ದಂಪತಿಗಳು ಮನೆ, ವೀಸಾ, ವಿಮೆಗಳ ಗಡಿಬಿಡಿಯಲ್ಲಿ ಇದನ್ನು ತಡವಾಗಿ ಗಮನಿಸುತ್ತಾರೆ. ಮ್ಯೂನಿಕ್‌ನಲ್ಲಿ ನೆಲೆಸಿ ಇಂಥ ಹಲವು ಕುಟುಂಬಗಳೊಡನೆ ಮಾತನಾಡಿದ ನನಗೆ ಒಂದು ವಿಷಯ ಮನವರಿಕೆಯಾಗಿದೆ. ‘ಯಾವ ಶಾಲೆ ಒಳ್ಳೆಯದು?’ ಎಂಬ ನಮ್ಮೂರಿನ ಪ್ರಶ್ನೆ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ‘ನಮ್ಮ ಮಗುವಿಗೆ ಈಗ ಯಾವ ದಾರಿ ಹೊಂದುತ್ತದೆ, ಅಲ್ಲಿಂದ ಮುಂದೆ ಎಲ್ಲೆಲ್ಲಿಗೆ ದಾಟಬಹುದು?’ ಎಂಬುದೇ ಕೇಳಬೇಕಾದ ಪ್ರಶ್ನೆ.

ವ್ಯವಸ್ಥೆಯ ಸ್ವರೂಪ

ಜರ್ಮನಿಯಲ್ಲಿ ಶಾಲಾ ಶಿಕ್ಷಣವು ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು. ರಾಜ್ಯಗಳು 16, ನಿಯಮಗಳೂ ಅಷ್ಟೇ ಬಗೆ. ಮಗು ಸಾಮಾನ್ಯವಾಗಿ ಆರನೆಯ ವಯಸ್ಸಿಗೆ ‘ಗ್ರುಂಡ್‌ಶೂಲೆ’ ಎಂಬ ಪ್ರಾಥಮಿಕ ಶಾಲೆಯನ್ನು ಸೇರುತ್ತದೆ. ಸರ್ಕಾರಿ ಶಾಲೆಗಳಲ್ಲಿ ಬೋಧನಾ ಶುಲ್ಕವಿಲ್ಲ. ಬವೇರಿಯಾದಲ್ಲಿ ಮನೆಯ ವಿಳಾಸವೇ ಸರ್ಕಾರಿ ಪ್ರಾಥಮಿಕ ಶಾಲೆಯನ್ನು ನಿರ್ಧರಿಸುತ್ತದೆ. ಆದ್ದರಿಂದ ಮನೆ ಹುಡುಕುವುದೆಂದರೆ ಅರ್ಧ ಶಾಲೆ ಹುಡುಕಿದಂತೆಯೇ.

ಪ್ರಾಥಮಿಕ ಹಂತ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕು ವರ್ಷ, ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ಗಳಲ್ಲಿ ಆರು ವರ್ಷ. ಅನಂತರ ದಾರಿಗಳು ಬೇರೆಯಾಗುತ್ತವೆ. ಬವೇರಿಯಾದಲ್ಲಿ ಮುಖ್ಯವಾದವು ಮೂರು. ‘ಗಿಮ್ನಾಸಿಯುಮ್’ ವಿಶ್ವವಿದ್ಯಾಲಯ ಪ್ರವೇಶಕ್ಕೆ ಅರ್ಹತೆ ನೀಡುವ ‘ಆಬಿಟೂರ್’ ಪರೀಕ್ಷೆಯವರೆಗೆ ಒಯ್ಯುತ್ತದೆ. ‘ರಿಯಾಲ್‌ಶೂಲೆ’ ಹತ್ತನೆಯ ತರಗತಿಗೆ ಮುಗಿಯುತ್ತದೆ. ‘ಮಿಟ್ಟೆಲ್‌ಶೂಲೆ’ ಕೈಕೆಲಸ ಮತ್ತು ಉದ್ಯೋಗದ ಪರಿಚಯಕ್ಕೆ ಹೆಚ್ಚು ಒತ್ತು ಕೊಡುತ್ತದೆ. ಅಲ್ಲಿಯೂ ಹತ್ತನೆಯ ತರಗತಿಯವರೆಗೆ ಓದುವ ಅವಕಾಶವುಂಟು. ಹಲವು ರಾಜ್ಯಗಳಲ್ಲಿ ಎಲ್ಲರೂ ಒಟ್ಟಿಗೆ ಕಲಿಯುವ ‘ಗೆಜಾಮ್ಟ್‌ಶೂಲೆ’ಗಳೂ ಇವೆ.

ಬವೇರಿಯಾದ ಲೆಕ್ಕ

ಇಲ್ಲಿನ ಅಂಕಗಳು 1ರಿಂದ 6ರವರೆಗೆ. 1 ಅತ್ಯುತ್ತಮ, 6 ಅತ್ಯಂತ ಕಳಪೆ. ನಾಲ್ಕನೆಯ ತರಗತಿಯ ಜನವರಿಯಲ್ಲಿ ಮಗುವಿನ ಅಂಕಗಳ ಮಧ್ಯಂತರ ಮಾಹಿತಿ ಮನೆಗೆ ಬರುತ್ತದೆ. ಮೇ ತಿಂಗಳ ಆರಂಭದಲ್ಲಿ ಮುಂದಿನ ಶಾಲೆಯನ್ನು ಸೂಚಿಸುವ ಅಂಕಪಟ್ಟಿ ಕೈಸೇರುತ್ತದೆ. ಜರ್ಮನ್ ಭಾಷೆ, ಗಣಿತ ಮತ್ತು ನಮ್ಮ ಪರಿಸರ ಅಧ್ಯಯನವನ್ನು ಹೋಲುವ ಇನ್ನೊಂದು ವಿಷಯ, ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ಗಿಮ್ನಾಸಿಯುಮ್, 2.66ರವರೆಗಿದ್ದರೆ ರಿಯಾಲ್‌ಶೂಲೆ. ಸರಾಸರಿ ಸಾಲದಿದ್ದರೂ ಪೋಷಕರು ಬಯಸಿದರೆ ಮಗು ಜರ್ಮನ್ ಮತ್ತು ಗಣಿತದಲ್ಲಿ ಪ್ರಾಯೋಗಿಕ ಪಾಠಗಳಿಗೆ ಹಾಜರಾಗಿ ಪರೀಕ್ಷೆಗೆ ಒಳಗಾಗಬಹುದು. ಅಲ್ಲಿ ಒಂದು ವಿಷಯದಲ್ಲಿ 3, ಮತ್ತೊಂದರಲ್ಲಿ 4 ಬಂದರೆ ಪ್ರವೇಶ ದೊರೆಯುತ್ತದೆ; ಎರಡರಲ್ಲೂ 4 ಬಂದರೆ ಪೋಷಕರ ಇಚ್ಛೆಯೇ ಅಂತಿಮ. ಒಂದನೆಯ ತರಗತಿಯಿಂದಲೇ ಜರ್ಮನ್ ಶಾಲೆಯಲ್ಲಿ ಓದದ ಪರಭಾಷಿಕ ಮಕ್ಕಳಿಗೆ ಸರಾಸರಿಯ ವಿಷಯದಲ್ಲಿ ರಿಯಾಯಿತಿಯ ಅವಕಾಶವಿದೆ. ತಡವಾಗಿ ಬಂದ ಕುಟುಂಬಗಳು ಇದನ್ನು ಶಾಲೆಯಲ್ಲಿ ತಾವಾಗಿ ಕೇಳಿ ತಿಳಿಯಬೇಕು.

ಬೇರೆ ರಾಜ್ಯದ ಸ್ನೇಹಿತರ ಅನುಭವವನ್ನು ಇಲ್ಲಿಗೆ ಅನ್ವಯಿಸಿಕೊಳ್ಳಬಾರದು. ನಾರ್ಥ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಶಿಕ್ಷಕರದು ಸಲಹೆ ಮಾತ್ರ, ನಿರ್ಧಾರ ಪೋಷಕರದು. ಬಾಡೆನ್-ವ್ಯುರ್ಟೆಂಬರ್ಗ್ ಈಚೆಗಷ್ಟೇ ತನ್ನ ನಿಯಮವನ್ನು ಬಿಗಿಗೊಳಿಸಿದೆ.

ಭಾಷೆಯೇ ಹೆಬ್ಬಾಗಿಲು

ಮೇಲಿನ ಮೂರು ವಿಷಯಗಳನ್ನು ಗಮನಿಸಿದರೆ ಮೂರಕ್ಕೂ ಆಧಾರ ಜರ್ಮನ್ ಭಾಷೆಯೇ ಎಂಬುದು ತಿಳಿಯುತ್ತದೆ. ಗಣಿತವೂ ವಾಕ್ಯರೂಪದ ಲೆಕ್ಕಗಳಲ್ಲಿ ಭಾಷೆಯ ಪರೀಕ್ಷೆಯಾಗುತ್ತದೆ. ಕೂಡುವುದು ಕಳೆಯುವುದರಲ್ಲಿ ಚುರುಕಾದ ಮಗು ಲೆಕ್ಕದ ಮಾತು ಅರ್ಥವಾಗದೆ ಹಿಂದೆ ಬೀಳುವುದುಂಟು. ಆದ್ದರಿಂದ ಶಾಲೆಯ ಆಯ್ಕೆ ನಿಜವಾಗಿ ಆರಂಭವಾಗುವುದು ಮೂರು-ನಾಲ್ಕನೆಯ ವಯಸ್ಸಿನಲ್ಲಿ, ಶಿಶುವಿಹಾರದಲ್ಲಿ. ಬವೇರಿಯಾದಲ್ಲಿ ಜರ್ಮನ್ ದುರ್ಬಲವಾಗಿರುವ ಮಕ್ಕಳಿಗೆ ಶಾಲೆಗೆ ಸೇರುವ ಮೊದಲೇ 240 ಗಂಟೆಗಳ ಪೂರ್ವಭಾವಿ ಭಾಷಾ ತರಗತಿ ಇದೆ. ಮಗುವನ್ನು ಅದಕ್ಕೆ ಕಳುಹಿಸಲು ಹೇಳಿದರೆ ಅವಮಾನವೆಂದು ಭಾವಿಸದೆ ಒಪ್ಪಿಕೊಳ್ಳುವುದು ಲೇಸು.

ಇದರ ಅರ್ಥ ಮನೆಯಲ್ಲಿ ಕನ್ನಡ ಬಿಡಬೇಕೆಂದಲ್ಲ. ನಮ್ಮ ಅರೆಬರೆ ಜರ್ಮನ್ ಕೇಳಿ ಬೆಳೆಯುವುದಕ್ಕಿಂತ ಅಪ್ಪ ಅಮ್ಮನ ತುಂಬು ಕನ್ನಡದಲ್ಲಿ ಕಥೆ ಕೇಳಿದ ಮಗುವಿಗೆ ವಿಷಯವನ್ನು ವಿವರಿಸುವ, ಕಾರಣ ಹೇಳುವ ಅಭ್ಯಾಸ ಮೊದಲೇ ಬಂದಿರುತ್ತದೆ. ಜರ್ಮನ್ ಭಾಷೆಯನ್ನು ಶಿಶುವಿಹಾರ, ಆಟದ ಮೈದಾನ, ಗ್ರಂಥಾಲಯ ಮತ್ತು ಓಣಿಯ ಗೆಳೆಯರು ಕಲಿಸಲಿ.

ದಾಟುವ ಸೇತುವೆಗಳು

ಗಿಮ್ನಾಸಿಯುಮ್ ತಪ್ಪಿದರೆ ಎಂಜಿನಿಯರಿಂಗ್ ತಪ್ಪಿತೆಂದು ದುಃಖಿಸುವ ಪೋಷಕರನ್ನು ನಾನು ಬಹಳ ಕಂಡಿದ್ದೇನೆ. ಆ ದುಃಖ ಮಗುವಿಗೆ ‘ನಾನು ಸೋತೆ’ ಎಂಬ ಭಾವವಾಗಿ ದಾಟುತ್ತದೆ; ಹತ್ತು ವರ್ಷದ ಹೆಗಲಿಗೆ ಅದು ದೊಡ್ಡ ಹೊರೆ. ವಾಸ್ತವದಲ್ಲಿ ಇಲ್ಲಿನ ದಾರಿಗಳ ನಡುವೆ ಸೇತುವೆಗಳಿವೆ. ರಿಯಾಲ್‌ಶೂಲೆಯನ್ನು ಚೆನ್ನಾಗಿ ಮುಗಿಸಿದವರು ‘ಫಾಖ್‌ಓಬರ್‌ಶೂಲೆ’ ಸೇರಿ, ಹನ್ನೆರಡನೆಯ ತರಗತಿಯ ನಂತರ ಅನ್ವಯಿಕ ವಿಜ್ಞಾನಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಹೋಗಬಹುದು. ಅಲ್ಲಿಯೇ ಹದಿಮೂರನೆಯ ತರಗತಿಯನ್ನೂ ಮುಗಿಸಿದರೆ ವಿಶ್ವವಿದ್ಯಾಲಯದ ಬಾಗಿಲೂ ತೆರೆಯುತ್ತದೆ. ಕಾರ್ಖಾನೆ ಅಥವಾ ಕಚೇರಿಯ ಕೆಲಸ ಮತ್ತು ಶಾಲೆ ಎರಡನ್ನೂ ಬೆಸೆಯುವ ‘ಔಸ್‌ಬಿಲ್ಡುಂಗ್’ ತರಬೇತಿಯಲ್ಲಿ ಕಲಿಯುವಾಗಲೇ ಭತ್ಯೆ ದೊರೆಯುತ್ತದೆ. ಅದನ್ನು ಮುಗಿಸಿ ‘ಮೈಸ್ಟರ್’ ಪದವಿ ಪಡೆದವರಿಗೂ ಉನ್ನತ ಶಿಕ್ಷಣದ ಹಕ್ಕಿದೆ.

ಹಾಗೆಂದು ಎಲ್ಲ ದಾರಿಗಳೂ ಒಂದೇ ಎನ್ನಲಾಗದು. ಸೇತುವೆ ದಾಟಲು ಒಳ್ಳೆಯ ಅಂಕ ಬೇಕು, ಕೆಲವೊಮ್ಮೆ ಒಂದೆರಡು ವರ್ಷ ಹೆಚ್ಚು ಬೇಕು. ಆದರೂ ಗಿಮ್ನಾಸಿಯುಮ್‌ನಲ್ಲಿ ದಿನವೂ ಏದುಸಿರು ಬಿಡುವ ಮಗುವಿಗಿಂತ ರಿಯಾಲ್‌ಶೂಲೆಯಲ್ಲಿ ಆತ್ಮವಿಶ್ವಾಸದಿಂದ ಕಲಿಯುವ ಮಗು ಮುಂದೆ ದೂರ ಸಾಗುವ ಸಾಧ್ಯತೆಯೇ ಹೆಚ್ಚೆಂದು ನನ್ನ ನಂಬಿಕೆ.

ಅಂತಾರಾಷ್ಟ್ರೀಯ ಶಾಲೆ ಯಾರಿಗೆ?

ಇಂಗ್ಲಿಷ್ ಮಾಧ್ಯಮದ ಅಂತಾರಾಷ್ಟ್ರೀಯ ಶಾಲೆಗಳ ವಾರ್ಷಿಕ ಶುಲ್ಕ ಹತ್ತು ಸಾವಿರ ಯೂರೋಗಳನ್ನು ಮೀರುವುದು ಸಾಮಾನ್ಯ. ಎರಡು ಮೂರು ವರ್ಷಕ್ಕಷ್ಟೇ ಬಂದವರಿಗೆ, ಅಥವಾ ಮಗುವಿಗೆ ಆಗಲೇ ಹದಿಮೂರು-ಹದಿನಾಲ್ಕು ತುಂಬಿದ್ದರೆ ಅವು ಉಪಯುಕ್ತ. ಇಲ್ಲಿಯೇ ನೆಲೆಸುವ ಉದ್ದೇಶವಿದ್ದರೆ ಜರ್ಮನ್ ಕಲಿಕೆಯನ್ನು ಮುಂದೂಡುವುದರ ಬೆಲೆ ಶುಲ್ಕಕ್ಕಿಂತ ದುಬಾರಿಯಾಗಬಹುದು. ಆದ್ದರಿಂದ ‘ಎಷ್ಟು ವರ್ಷ ಇರುತ್ತೇವೆ?’ ಎಂಬುದನ್ನು ಗಂಡ ಹೆಂಡತಿ ಮೊದಲು ಮನಬಿಚ್ಚಿ ಮಾತನಾಡಿಕೊಳ್ಳಬೇಕು.

ಕೊನೆಯದಾಗಿ, ತರಗತಿ ಶಿಕ್ಷಕರನ್ನು ಮೂರನೆಯ ತರಗತಿಯಲ್ಲಿಯೇ ಭೇಟಿಯಾಗಿರಿ. ಪೋಷಕರ ಸಭೆಗಳನ್ನು ತಪ್ಪಿಸಬೇಡಿ. ಭಾಷೆ ಬಾರದಿದ್ದರೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅಂಕದ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಿರಿ: ಮಗು ತಾನಾಗಿ ಕೆಲಸ ಮುಗಿಸುತ್ತದೆಯೇ? ತರಗತಿಯಲ್ಲಿ ಬಾಯಿಬಿಟ್ಟು ಮಾತನಾಡುತ್ತದೆಯೇ? ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಬಲ್ಲುದೇ? ಯಾವ ದಾರಿ ಹಿಡಿಯಬೇಕೆಂಬುದನ್ನು ಈ ಉತ್ತರಗಳು ನೆರೆಹೊರೆಯವರ ಅಭಿಪ್ರಾಯಕ್ಕಿಂತ ಚೆನ್ನಾಗಿ ತಿಳಿಸುತ್ತವೆ.